ಯಾರದರ ತಕರಾರು ಐತೇನ್ರಿ?

ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಫೋನು ಬಂತು. ಕಾರಟಗಿ ಕಡೆಯ ನೀರು ಬಳಕೆದಾರರ ಸಂಘದಿಂದ. ನಾನು ಹಿಂದೆ ಕಾರ್ಯದರ್ಶಿಯಾಗಿದ್ದ ಸಂಘ ಅದು. "ಅಧ್ಯಕ್ಷರು ಹೋಗಿಬಿಟ್ರು ಮೇಡಮ್ರ" ಎಂದಿತು ಆ ಕಡೆಯ ದನಿ. ಸಂಘಕ್ಕೆ ಈಗ ಬೇರೆ ಅಧ್ಯಕ್ಷರಿದ್ದಾರೆ. ಆದರೂ ಹೋದವರು ಯಾರೆಂದು ನಾನು ಕೇಳಲಿಲ್ಲ. ಖುರ್ಚಿ ಬಿಟ್ಟು ಎಷ್ಟೋ ವರ್ಷವಾದರೂ ಆ ಸೀಮೆಯಲ್ಲಿ ಅಧ್ಯಕ್ಷರೆಂದರೆ ಅವರೊಬ್ಬರೇ. ಖುರ್ಚಿಯ ಮೇಲೆ ಕೂತಿದ್ದಾಗ ಮಾತ್ರ "ಇವನೆಂಥ ಅಧ್ಯಕ್ಷ" ಎಂದು ಊರಿಗೆ ಊರೇ ಮಾತಾಡಿತ್ತು. ಜನರ ಬಾಯಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಇದ್ದಾಗ ಕೊಡದ ಮರ್ಯಾದೆಯನ್ನು ಹೋದ ಮೇಲೆ ರಾಶಿ ರಾಶಿ ಸುರಿಯುತ್ತದೆ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರು ಅಚ್ಚಾಗುವುದೆಂದರೆ ಅವರಿಗೆ ಮುಜುಗರ. ಸಂಘದ ಬಾಗಿಲ ಮೇಲಿನ ಫಲಕದಲ್ಲಿ ತಮ್ಮ ಹೆಸರಿನ ಹಿಂದೆ ಯಾರೋ 'ಮಾನ್ಯ' ಎಂದು ಬರೆಸಿದ್ದನ್ನು ಸುಣ್ಣ ಹಚ್ಚಿ ಅಳಿಸಿದ್ದರು. ಉಳಿದ ಹೆಸರೂ ಅರ್ಧ ಅಳಿಸಿಹೋಗಿ, ಹೊಸಬರಿಗೆ ಅದು ಯಾವ ಊರಿನ ಹೆಸರೋ ಎನ್ನುವಂತಾಗಿತ್ತು.

ನಾನು ಯಲಬುರ್ಗಾದ ಒಣಭೂಮಿಯವಳು. ನಮ್ಮ ಕಡೆ ನಾಲ್ಕು ಜನ ಸೇರಿದರೆ ಐದು ಮಾತು. ಸಭೆಯೆಂದರೆ ಜಗಳ, ಜಗಳ ಮುಗಿದ ಮೇಲೆ ಚಹಾ. ಅಂಥ ಊರಿನಿಂದ ಭತ್ತದ ಸೀಮೆಗೆ ಕೆಲಸಕ್ಕೆ ಬಂದಾಗ ನನಗೆ ಅತಿ ವಿಚಿತ್ರವಾಗಿ ಕಂಡದ್ದು ನೀರಲ್ಲ, ಮೌನ. ಸಂಘದ ಕೆಲಸ ಸರಳ. ದೊಡ್ಡ ಕಾಲುವೆಯಿಂದ ನಮ್ಮ ಉಪಕಾಲುವೆಗೆ ಬಿಟ್ಟ ನೀರನ್ನು ಮೇಲ್ಭಾಗದವರಿಗೂ ಕೊನೆಭಾಗದವರಿಗೂ ಸರದಿಯ ಮೇಲೆ ಹಂಚುವುದು. ಅದು ಸರಳವಾಗಿರುವುದು ಕಾಗದದಲ್ಲಿ ಮಾತ್ರ. ಮೇಲಿನವರು ತೂಬು ಎತ್ತಿ ಕುಡಿದು ಮುಗಿಸುವ ಹೊತ್ತಿಗೆ ನವಲಿ ದಾರಿಯ ಕೊನೆಯ ಹೊಲಗಳಿಗೆ ಉಳಿಯುತ್ತಿದ್ದದ್ದು ಕಾಲುವೆಯ ಕೆಸರು.

ಇಷ್ಟಿದ್ದರೂ ಸಭೆಯಲ್ಲಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಮುಂದೆ ಪ್ಲಾಸ್ಟಿಕ್ ಖುರ್ಚಿಗಳಲ್ಲಿ ಮೇಲ್ಭಾಗದವರು, ಹಿಂದೆ ಬಾಗಿಲ ಹತ್ತಿರ ಜಮಖಾನದ ಮೇಲೆ ಕೊನೆಭಾಗದವರು. ಹೀಗೇ ಕೂಡಬೇಕೆಂದು ಯಾರೂ ನಿಯಮ ಮಾಡಿರಲಿಲ್ಲ, ಆದರೆ ಯಾರೂ ತಪ್ಪುತ್ತಿರಲಿಲ್ಲ. ನಾನು ಠರಾವು ಓದುವುದು. ಅಧ್ಯಕ್ಷರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡು ಒಂದೇ ಮಾತು ಕೇಳುವುದು: "ಯಾರದರ ತಕರಾರು ಐತೇನ್ರಿ?"

ಯಾರದೂ ಇರುತ್ತಿರಲಿಲ್ಲ. ಕನ್ನಡಕ ಮತ್ತೆ ಮೂಗಿಗೇರುವಷ್ಟರಲ್ಲಿ ಠರಾವು ಪಾಸು. ಸಭೆ ಸರ್ವಾನುಮತದಿಂದ ಅಂಗೀಕರಿಸಿತು ಎಂದು ನಾನು ಬರೆಯುತ್ತಿದ್ದೆ. ಮಂಜೂರು, ನಾಮಂಜೂರು ಎಲ್ಲವನ್ನೂ ಆ ಒಂದು ತಕರಾರಿನ ಮಾತೇ ತೀರ್ಮಾನಿಸುತ್ತಿತ್ತು. ಅವರ ಮುಂಚಿನ ಅಧ್ಯಕ್ಷರೂ ಹೀಗೇ ಕೇಳುತ್ತಿದ್ದರಂತೆ.

ಅವರು ಅಧ್ಯಕ್ಷರಾದದ್ದೂ ಅದೇ ದಾರಿಯಲ್ಲಿ. ಉಪಾಧ್ಯಕ್ಷ ಶರಣಪ್ಪನ ಅಕ್ಕಿ ಗಿರಣಿಯ ಅಂಗಳದಲ್ಲಿ ಮೇಲ್ಭಾಗದ ಹಿರಿಯರು ಕೂತು, ಯಾರ ಜೊತೆಗೂ ಜಗಳವಿಲ್ಲದ ಮನುಷ್ಯ ಇವರೆಂದು ಆರಿಸಿ, ಉಳಿದವರ ಅರ್ಜಿ ಹಿಂದಕ್ಕೆ ತೆಗೆಸಿದ್ದರು. 'ಅವಿರೋಧ ಆಯ್ಕೆ' ಎಂದು ಹಾರ ಹಾಕಿದ್ದರು. ಶರಣಪ್ಪನಿಗೆ ಬೇಕಿದ್ದದ್ದು ಖುರ್ಚಿ ತುಂಬುವ ಒಬ್ಬ ಮನುಷ್ಯ. ಇವರು ಖುರ್ಚಿಯನ್ನೇನೋ ತುಂಬಿದರು, ಆದರೆ ತಮ್ಮದೇ ಒಂದು ಪದ್ಧತಿ ಇಟ್ಟುಕೊಂಡರು. ಕೂಡುವ ಮುಂಚೆ ಹೆಗಲ ಮೇಲಿನ ವಸ್ತ್ರವನ್ನು ಮಡಚಿ ಖುರ್ಚಿಯ ಮೇಲೆ ಹಾಸುವುದು, ಅದರ ಮೇಲೆ ಕೂಡುವುದು, ಏಳುವಾಗ ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಳ್ಳುವುದು.

"ಖುರ್ಚಿಗೆ ಧೂಳು ಐತೇನ್ರಿ? ಒರಸಸ್ತೀನಿ" ಎಂದೆ ಮೊದಲ ವಾರ.

"ಧೂಳು ಅಲ್ಲ ತಂಗಿ. ಇದು ಸಂಘದ ಖುರ್ಚಿ, ಇದು ನನ್ನ ವಸ್ತ್ರ. ನಾ ನನ್ನ ವಸ್ತ್ರದ ಮ್ಯಾಲ ಕುಂತಿರ್ತೀನಿ. ಎದ್ದು ಹೋಗೂವಾಗ ನನ್ನದು ನಾ ತಗೊಂಡು ಹೋಗಬೇಕಲ್ಲ."

ನನಗೆ ನಗು ಬಂತು. ಇಂಥ ಮಾತಾಡುವವರನ್ನು ನಾನು ಬೇಕಾದಷ್ಟು ನೋಡಿದ್ದೆ, ಖುರ್ಚಿ ಬಿಟ್ಟು ಎದ್ದವರನ್ನು ಮಾತ್ರ ನೋಡಿರಲಿಲ್ಲ.

ಅವರು ಮಹಾತ್ಮರೇನೂ ಅಲ್ಲ. ಹೆದರಿಕೆಯ ಸ್ವಭಾವ. ಎದುರಿನವರು ದನಿ ಏರಿಸಿದರೆ ಇವರದು ಇಳಿಯುತ್ತಿತ್ತು. ಮಿರ್ಚಿ ಭಜಿ ಕಂಡರೆ ಸಕ್ಕರೆ ಕಾಯಿಲೆಯನ್ನೂ ಡಾಕ್ಟರನ್ನೂ ಒಟ್ಟಿಗೆ ಮರೆಯುತ್ತಿದ್ದರು. ಮುನಿರಾಬಾದಿನ ನೀರಾವರಿ ಕಚೇರಿಗೆ ಹೋದರೆ ಸಾಹೇಬರ ಎದುರು ನಿಂತೇ ಮಾತಾಡುತ್ತಿದ್ದರು. ಹೊರಗೆ ಬಂದ ಮೇಲೆ, ಒಳಗೆ ಆಡಬೇಕಿದ್ದ ಖಡಕ್ ಮಾತುಗಳನ್ನೆಲ್ಲ ನನ್ನ ಹತ್ತಿರ ಆಡುತ್ತಿದ್ದರು. "ಇದನ್ನ ಒಳಗ ಹೇಳ್ಬೇಕಿತ್ರಿ" ಎಂದರೆ "ಮುಂದಿನ ಸಲ" ಎನ್ನುತ್ತಿದ್ದರು.

ಅವರನ್ನು ಕದಲಿಸಿದ್ದು ಹುಲಿಗೆವ್ವ. ಕೊನೆಭಾಗದವಳು, ಗಂಡ ತೀರಿದ ಮೇಲೆ ಸದಸ್ಯತ್ವ ಅವಳ ಹೆಸರಿಗೆ ಬಂದಿತ್ತು. ಒಂದು ಮಧ್ಯಾಹ್ನ ಆಫೀಸಿಗೆ ಬಂದು ಬಾಗಿಲಲ್ಲೇ ನಿಂತು ಅವರನ್ನೇ ಕೇಳಿದಳು.

"ಯಪ್ಪಾ, ಇಲ್ಲಿ ಅಧ್ಯಕ್ಷರು ಯಾರ್ರಿ?"

"ನಾನ ಯವ್ವಾ. ಒಳಗ ಬಾ."

"ನಿಮ್ಮನ್ನ ಯಾರು ಮಾಡಿದ್ರು?"

ಅವರು ಕನ್ನಡಕ ತೆಗೆದರು. "ನೀವ ಎಲ್ಲಾರೂ. ಅವಿರೋಧ ಆಗೈತಿ."

"ನಾ ಮಾಡಿಲ್ರಿ" ಎಂದಳು ಹುಲಿಗೆವ್ವ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ತನ್ನ ಸರದಿಯ ನೀರು ಈ ಸಲವೂ ಬರಲಿಲ್ಲವೆಂದು ಹೇಳಿ, ಕೊಟ್ಟ ಚಹಾ ಕುಡಿದು ಹೋದಳು. ಅವಳು ಹೋದ ಮೇಲೆ ಅವರು ಬಹಳ ಹೊತ್ತು ಕನ್ನಡಕ ಒರೆಸುತ್ತಲೇ ಇದ್ದರು. ಕೊನೆಗೆ, "ತಂಗಿ, ಕಾಳು ಜೊಳ್ಳು ಎರಡೂ ರಾಶ್ಯಾಗ ಸುಮ್ಮನ ಬಿದ್ದಾಗ ಒಂದ ಥರ ಕಾಣ್ತಾವು. ಇಷ್ಟು ದಿನ ನಾ ರಾಶಿ ನೋಡೇ ಖುಷಿಯಾಗಿದ್ನೇನೋ" ಎಂದರು.

ಮಾರನೆಯ ದಿನ ನನ್ನನ್ನೂ ಕರೆದುಕೊಂಡು ಕಾಲುವೆಯ ದಂಡೆ ಹಿಡಿದು ಕೊನೆಯವರೆಗೂ ನಡೆದರು. ಮೇಲೆ ಮಂಡಿಯುದ್ದ ನೀರು, ನಡುವೆ ಕಾಲು ಮುಳುಗುವಷ್ಟು, ಕೊನೆಗೆ ಬಿರುಕು. ಅಧ್ಯಕ್ಷರಾಗಿ ಅಷ್ಟು ವರ್ಷವಾಗಿದ್ದರೂ ಅಲ್ಲಿಗೆ ಅವರು ಬಂದದ್ದು ಅದೇ ಮೊದಲು. ಅವರ ಹೊಲವಿದ್ದದ್ದು ಮೇಲ್ಭಾಗದಲ್ಲಿ.

ಆ ವರ್ಷ ಎರಡನೆಯ ಬೆಳೆಗೆ ಡ್ಯಾಮಿನಲ್ಲಿ ನೀರು ಕಡಿಮೆ. ಭತ್ತ ಹೊಡೆಗೆ ಬಂದಿತ್ತು. ತೆನೆ ಇನ್ನೂ ಗರಿಯ ಒಳಗಿರುವ ಆ ದಿನಗಳಲ್ಲಿ ನೀರು ತಪ್ಪಿದರೆ ಪೈರು ಹಸಿರಾಗಿಯೇ ನಿಂತಿರುತ್ತದೆ, ಒಳಗೆ ಕಾಳು ಮಾತ್ರ ಕಟ್ಟುವುದಿಲ್ಲ. ಉಳಿದಿದ್ದದ್ದು ಒಂದೇ ಸರದಿ. ಅಧ್ಯಕ್ಷರು ಎಂದೂ ಆಗದ್ದನ್ನು ಮಾಡಿದರು. ಈ ಸಲ ಸರದಿ ಕೆಳಗಿನಿಂದ ಶುರು, ಮೇಲಿನ ತೂಬುಗಳು ಮೊದಲು ಬಂದ್, ಕೊನೆಯ ಹೊಲ ತೊಯ್ದ ಮೇಲೆಯೇ ಮೇಲಿನವರಿಗೆ ನೀರು ಎಂದು ನೋಟಿಸ್ ಹಚ್ಚಿಸಿದರು. ಅಧ್ಯಕ್ಷರಿಗೆ ಆ ಅಧಿಕಾರವಿತ್ತು. ಅದನ್ನು ಬಳಸಿದವರು ಮಾತ್ರ ಯಾರೂ ಇರಲಿಲ್ಲ.

ಮೇಲ್ಭಾಗದವರದೂ ಸುಳ್ಳು ಹೆದರಿಕೆಯಲ್ಲ, ಅದನ್ನು ಹೇಳಬೇಕು. "ನಡುವ ಮುನಿರಾಬಾದದಾಗ ನೀರು ನಿಲ್ಲಿಸಿದ್ರ ನಮ್ಮ ಗತಿ ಏನು?" ಎಂದು ಶರಣಪ್ಪ ಕೇಳಿದ್ದರಲ್ಲಿ ನ್ಯಾಯವಿತ್ತು. ಮೇಲಿನ ಹೊಲಗಳಿಗೆ ಕಾಲುವೆಯ ಬಸಿನೀರಾದರೂ ಸಿಗುತ್ತದೆ, ಕೆಳಗಿನವಕ್ಕೆ ಅದೂ ಇಲ್ಲ ಎಂಬುದು ಅಧ್ಯಕ್ಷರ ಲೆಕ್ಕ. ಆದರೆ ನ್ಯಾಯದ ಮಾತು ಒಂದೆರಡು ದಿನವಷ್ಟೇ ನಡೆಯಿತು. ಆಮೇಲೆ ಮಾತು ನೀರನ್ನು ಬಿಟ್ಟು ಮನುಷ್ಯನ ಮೇಲೆ ಬಂತು.

ಚಹಾದಂಗಡಿಯಲ್ಲಿ, ಗಿರಣಿಯಲ್ಲಿ, ಬಸ್ಸಿನಲ್ಲಿ ಅದೇ ಮಾತು. ನಾವು ಕೂಡಿಸಿದವ ನಮಗೇ ತಿರುಗಿಬಿದ್ದ ಎಂದರು ಮೇಲಿನವರು. ಮೇಲಿನವರು ಕೂಡಿಸಿದವನನ್ನು ಹೇಗೆ ನಂಬುವುದು, ಇದರಲ್ಲೂ ಏನೋ ಆಟವಿದೆ ಎಂದರು ಕೆಳಗಿನವರು. ಯಾರಿಗಾಗಿ ಆ ಮನುಷ್ಯ ನಿಂತಿದ್ದರೋ ಅವರೂ ಅವರ ಹಿಂದೆ ಇರಲಿಲ್ಲ. ಸಂಘದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಪ್ರಶ್ನೆ ಹಾಕಿದರು: 'ಅಧ್ಯಕ್ಷರು ಮುಂದುವರಿಯಬೇಕೇ?' ಅದರ ಕೆಳಗೆ ಬೇಕು, ಬೇಡ ಎಂಬ ಎರಡು ಗೆರೆ. ಬೇಡದ ಗೆರೆ ದಿನವಿಡೀ ಬೆಳೆಯಿತು.

"ಎಲ್ಲಿ, ತೋರಸು" ಎಂದರು ಅಧ್ಯಕ್ಷರು. ನಾನು ಫೋನು ಹಿಡಿದೆ. ತುಸು ಹೊತ್ತು ನೋಡಿ, "ಬೇಕು ಅಂದಾವ್ರು ಯಾರು?" ಎಂದರು. ನಾನು ಫೋನು ತಿರುಗಿಸಿಕೊಂಡೆ. ಅದರಲ್ಲಿದ್ದದ್ದು ನನ್ನ ಹೆಸರು, ಆಮೇಲೆ ಮುದುಕನೊಬ್ಬ ಒತ್ತುವಾಗ ತಪ್ಪಿ ಒತ್ತಿದ್ದು. ಕೊನೆಭಾಗದವರು ಯಾರೂ ಒತ್ತಿರಲಿಲ್ಲ.

ಅದೇ ವಾರ ಶರಣಪ್ಪನ ಬಳಗದ ಮದುವೆಯಲ್ಲಿ ಅವರು ಊಟಕ್ಕೆ ಕೂತರೆ ಅಕ್ಕಪಕ್ಕದ ಎಲೆಗಳು ಖಾಲಿ ಉಳಿದವು. ಎರಡು ಎಲೆ ದಾಟಿ ನಾನು ಹೋಗಿ ಅವರ ಪಕ್ಕ ಕೂತೆ. "ತಂಗಿ, ನೀನು ನೌಕರಿ ಮಾಡಾಕಿ. ಬ್ಯಾರೆ ಕಡೆ ಕುಂದ್ರು" ಎಂದರು. "ನನಗ ಹಸಿವಾಗೈತ್ರಿ, ಜಾಗ ಹುಡಕಾಕ ಪುರಸೊತ್ತಿಲ್ಲ" ಎಂದೆ. ಅವರು ಹೋಳಿಗೆ ಮುರಿದರು, ಬಾಯಿಗಿಡಲಿಲ್ಲ. ನಮ್ಮ ಯಲಬುರ್ಗಾದವರಾಗಿದ್ದರೆ ಆ ಪಂಕ್ತಿಯಲ್ಲೇ ಎದ್ದು ನಿಂತು ನಾಲ್ಕು ಮಾತು ಅಂದುಬಿಡುತ್ತಿದ್ದರು. ಇವರ ಸಹನೆ ಕಂಡು ನನಗೆ ಮೈಯೆಲ್ಲ ಉರಿಯಿತು.

ಕೊನೆಭಾಗದ ಸರದಿ ಶುರುವಾಗುವ ಹಿಂದಿನ ದಿನ ಸರ್ವಸದಸ್ಯರ ಸಭೆ ಕರೆಯಬೇಕಾಯಿತು. ಬೆಳಿಗ್ಗೆ ಮೇಲಿನ ತೂಬೊಂದರ ಬೀಗ ಒಡೆದಿತ್ತು. ಪೊಲೀಸ್ ಜೀಪು ಬಂದು ಸಂಘದ ಎದುರು ಬೇವಿನ ಮರದಡಿ ನಿಂತಿತ್ತು. ಒಳಗೆ ಖುರ್ಚಿಗಳು ಸಾಲದೆ ಗೋಡೆಗೊರಗಿ ಜನ ನಿಂತಿದ್ದರು. ಹಿಂದಿನ ಜಮಖಾನದ ಮೇಲೂ ಜಾಗವಿರಲಿಲ್ಲ. ಮಂದಿ ಹೆಚ್ಚು ಹಿಂದೆಯೇ ಇದ್ದರು ಎಂಬುದನ್ನು ಅಂದು ಮೊದಲ ಸಲ ಗಮನಿಸಿದೆ. ತುಂಡು ಜಮೀನಿನವರು, ಒಬ್ಬೊಬ್ಬರಿಗೂ ಒಂದೊಂದು ಮತ.

ಅಧ್ಯಕ್ಷರು ವಸ್ತ್ರ ಹಾಸಿ ಕೂತರು. ಶರಣಪ್ಪ ಅವರನ್ನು ಮಾತಾಡಲು ಬಿಡಲಿಲ್ಲ. ಎದ್ದು ನಿಂತು, "ಈ ಸಲದ ಸರದಿ ಇವರು ತಮ್ಮ ಮನಸಿಗೆ ಬಂದಂಗ ಮಾಡ್ಯಾರ. ಮಂದಿಗೆ ಇವರ ಮ್ಯಾಲ ನಂಬಿಕಿ ಉಳಿದಿಲ್ಲ. ಇವರು ಅಧ್ಯಕ್ಷಗಿರಿ ಬಿಡಬೇಕು ಅಂತ ನಾ ಠರಾವು ಇಡ್ತೀನಿ" ಎಂದ. ಆಮೇಲೆ ಸಭೆಯ ಕಡೆ ತಿರುಗಿ, ಅಧ್ಯಕ್ಷರದೇ ಮಾತನ್ನು ಅವರದೇ ರಾಗದಲ್ಲಿ ಕೇಳಿದ: "ಯಾರದರ ತಕರಾರು ಐತೇನ್ರಿ?"

ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ಜಮಖಾನದ ಕಡೆ ನೋಡಿದೆ. ನಾಳೆ ನೀರು ಬರದಿದ್ದರೆ ಅವರ ಬೆಳೆ ಜೊಳ್ಳು. ಆ ನೀರು ತರುವ ಮನುಷ್ಯ ಇವತ್ತು ಇಳಿಯುತ್ತಿದ್ದಾನೆ. ಆದರೂ ಒಬ್ಬರೂ ತಲೆ ಎತ್ತಲಿಲ್ಲ. ಹುಲಿಗೆವ್ವ ಸೆರಗಿನ ಅಂಚು ಸುತ್ತುತ್ತ ಕೂತಿದ್ದಳು. ಅಧ್ಯಕ್ಷರು ಕನ್ನಡಕ ಒರೆಸಿ ಮೂಗಿಗೇರಿಸಿದರು. ಠರಾವು ಪಾಸಾಗಲು ಯಾವಾಗಲೂ ಹಿಡಿಯುತ್ತಿದ್ದ ಸಮಯ ಅಷ್ಟೇ.

ನಾನು ಬಾಗಿ ಅವರ ಕಿವಿಯಲ್ಲಿ ಹೇಳಿದೆ. "ಹಿಂಗ ಇಳಸಾಕ ಬರಂಗಿಲ್ರಿ. ನಿಮ್ಮನ್ನ ಆರಿಸಿದ ನಿರ್ದೇಶಕರಿಗೆ ನೋಟಿಸ್ ಕೊಟ್ಟು ಬ್ಯಾರೆ ಸಭಿ ಕರೀಬೇಕು. ನೀವು ಕುಂತ ಇರ್ರಿ. ಕಾಯ್ದೆ ನಿಮ್ಮ ಕಡೆ ಐತಿ."

"ಕಾಯ್ದೆ ನನ್ನ ಕಡೆ ಐತಿ ತಂಗಿ, ಮಂದಿ ಎಲ್ಲಿ ಅದಾರ?" ಎಂದರು. "ಇವರು ಹಿಂಗ ಸುಮ್ಮನಿದ್ದಾಗ ಏರಿದೆ. ಸುಮ್ಮನಿದ್ದಾಗ ಇಳಿಯೂದಿಲ್ಲ ಅಂದ್ರ ಹೆಂಗ?"

ಒಂದು ಹಾಳೆ ಕೇಳಿದರು. ರಾಜೀನಾಮೆಯ ಸಾಲು ಬರೆದು ಸಹಿ ಮಾಡಿದರು. ಎದ್ದರು, ವಸ್ತ್ರ ತೆಗೆದು ಕೊಡವಿದರು. ಬಾಗಿಲ ಕಡೆ ನಡೆದಾಗ ಮನೆಗೆ ಹೊರಟರೆಂದೇ ಎಲ್ಲರೂ ದಾರಿ ಬಿಟ್ಟರು. ಅವರು ಬಾಗಿಲ ಹತ್ತಿರ ನಿಂತರು. ಕೊನೆಭಾಗದವರ ನಡುವೆ ಒಂದಿಷ್ಟು ಜಾಗ ಮಾಡಿಸಿಕೊಂಡು, ಜಮಖಾನದ ಮೇಲೆ ವಸ್ತ್ರ ಹಾಸಿ ಕೂತರು. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಒಬ್ಬ ಮನುಷ್ಯ ಇಷ್ಟು ಸಲೀಸಾಗಿ ಸೋಲಬಾರದು ಅನ್ನಿಸಿತ್ತು.

ಶರಣಪ್ಪ ಖುರ್ಚಿಯಲ್ಲಿ ಕೂತ. ಅಧ್ಯಕ್ಷರಿಲ್ಲದಾಗ ಸಭೆ ನಡೆಸುವುದು ಉಪಾಧ್ಯಕ್ಷನ ಕೆಲಸ. ತಡಮಾಡಲಿಲ್ಲ. "ಹಳೇ ನೋಟಿಸ್ ರದ್ದು. ಸರದಿ ಮೊದಲಿನಂಗ ಮ್ಯಾಲಿಂದ ಸುರು. ಯಾರದರ ತಕರಾರು ಐತೇನ್ರಿ?"

ಸರ್ವಾನುಮತ ಎಂದು ಬರೆಯಲು ಶರಣಪ್ಪ ನನಗೆ ಕಣ್ಣಲ್ಲೇ ಹೇಳಿದ. ನಾನು ಬರೆಯಲಿಲ್ಲ. ಎಷ್ಟು ಹೊತ್ತು ತಡೆಯಬಹುದೋ ಅಷ್ಟು ಹೊತ್ತು ಪೆನ್ನಿನ ಮುಚ್ಚಳ ಹುಡುಕಿದೆ.

"ನಂದು ಐತಿ."

ಹಿಂದಿನಿಂದ ಬಂದ ದನಿ. ಎಲ್ಲ ಖುರ್ಚಿಗಳೂ ಕಿರುಗುಟ್ಟುತ್ತ ತಿರುಗಿದವು. ಅವರು ಕೂತಲ್ಲೇ ಕೂತಿದ್ದರು. ಎದುರಿನವರ ದನಿ ಏರಿದರೆ ಇಳಿಯುತ್ತಿದ್ದ ದನಿ ಅದೇ, ಈಗಲೂ ಎತ್ತರವಿರಲಿಲ್ಲ.

"ನೀವು ಈಗಷ್ಟ ರಾಜೀನಾಮೆ ಕೊಟ್ಟೀರಲ್ರಿ" ಎಂದ ಶರಣಪ್ಪ.

"ಅಧ್ಯಕ್ಷಗಿರಿಗೆ ಕೊಟ್ಟೀನಿ. ಸದಸ್ಯತ್ವಕ್ಕ ಕೊಟ್ಟಿಲ್ಲ. ಸದಸ್ಯ ಅಂತ ಹೇಳ್ತೀನಿ, ನಂದು ತಕರಾರು ಐತಿ."

"ಆತು, ನಿಮ್ಮದೊಂದು ತಕರಾರು ಬರಕೊಳ್ತೀವಿ. ಉಳಿದಾವ್ರೆಲ್ಲ ಒಪ್ಪ್ಯಾರ."

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಕಿಟಕಿಯ ಹತ್ತಿರವಿದ್ದವನೊಬ್ಬ ತೋಳೇರಿಸಿಕೊಂಡು ಹಿಂದಕ್ಕೆ ಹೊರಟ. ಪೊಲೀಸರಲ್ಲೊಬ್ಬ ಹೊಸ್ತಿಲಿಗೆ ಬಂದು ನಿಂತ. ಅಧ್ಯಕ್ಷರು ಅಲುಗಲಿಲ್ಲ, ಪಕ್ಕದವರ ಕಡೆ ನೋಡಲೂ ಇಲ್ಲ. ನೋಡಿದ್ದರೆ ಅವರು ಬೇಡಿದಂತಾಗುತ್ತಿತ್ತೇನೋ.

"ನಂದೂ ಐತ್ರಿ." ಹುಲಿಗೆವ್ವ. ಸೆರಗು ಬಿಟ್ಟು ಎದ್ದು ನಿಂತಿದ್ದಳು. ಅವಳ ಹಿಂದಿದ್ದ ಮುದುಕ ಕೆಮ್ಮಿ, "ಹಂಗಾದ್ರ ನಂದೂ" ಎಂದ. ಆಮೇಲೆ ಯಾರದು ಯಾವ ದನಿ ಎಂದು ತಿಳಿಯಲಿಲ್ಲ. ಜಮಖಾನಕ್ಕೆ ಜಮಖಾನವೇ ಎದ್ದಿತ್ತು. ನಾನೂ ಎದ್ದೆ. ತಕರಾರು ಬಂದ ಮೇಲೆ ಕೈ ಎಣಿಸಲೇಬೇಕು, ಉಪವಿಧಿ ಹೀಗೆ ಹೇಳುತ್ತದೆ ಎಂದು ಯಲಬುರ್ಗಾದ ಗಂಟಲಿನಲ್ಲಿ ಕೂಗಿ ಹೇಳಿದೆ. ಕೈಗಳನ್ನು ಎಣಿಸಿದೆವು. ಶರಣಪ್ಪನ ಠರಾವು ಬಿತ್ತು. ಮಾರನೆಯ ಬೆಳಿಗ್ಗೆ ನೀರು ಕೆಳಗೆ ಹರಿಯಿತು. ಮೇಲಿನವರ ಸರದಿಗೂ ನೀರು ಉಳಿಯಿತು, ತುಸು ಕಡಿಮೆಯಾಗಿ. ಅಧ್ಯಕ್ಷರ ಹೊಲದಲ್ಲೂ ಇಳುವರಿ ಇಳಿಯಿತು.

ಸಭೆ ಮುಗಿದ ಸಂಜೆ ಕಾಲುವೆಯ ದಂಡೆಯ ಮೇಲೆ ನಾನು ಹುಲಿಗೆವ್ವನನ್ನು ಹಿಡಿದು ನಿಲ್ಲಿಸಿದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ. "ಎರಡನೇ ಸಲ ಎದ್ದಾಕಿ ಮೊದಲನೇ ಸಲ ಯಾಕ ಏಳಲಿಲ್ಲ? ಅವರನ್ನ ಇಳಿಸೂವಾಗ ಬಾಯಿ ಯಾಕ ಬರಲಿಲ್ಲ?"

ಅವಳಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. "ಆ ತಕರಾರಿನ ಮಾತು ನಮಗ ಕೇಳ್ತಾರ ಅಂತ ನಮಗೇನು ಗೊತ್ರಿ ಮೇಡಮ್ಮರ? ಖುರ್ಚಿಮ್ಯಾಲ ಕುಂತಾವ್ರಿಗೆ ಕೇಳೂದು ಅಂತ ಮಾಡಿದ್ವಿ. ಇವತ್ತು ಅವರು ನಮ್ಮ ಬಾಜೂಕ ಕುಂತು ಹೇಳಿದ್ಮ್ಯಾಲೆ ತಿಳೀತು, ಇಲ್ಲಿಂದನೂ ಹೇಳಬಹುದು ಅಂತ."

ಅಧ್ಯಕ್ಷರು ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. "ನಾನು ಇಷ್ಟು ವರ್ಷ ಮುಂದ ನೋಡೇ ಕೇಳ್ತಿದ್ನಲ್ಲ ತಂಗಿ" ಎಂದರು. ಅಳುತ್ತಿದ್ದರೋ ಏನೋ, ಕನ್ನಡಕ ಒರೆಸುತ್ತಿದ್ದರು.

ಮುಂದಿನ ಚುನಾವಣೆಯಲ್ಲಿ ಶರಣಪ್ಪ ಅವಿರೋಧವಾಗಿ ಗೆಲ್ಲುವ ಸಿದ್ಧತೆಯಲ್ಲಿದ್ದಾಗ ಇವರು ಹೋಗಿ ಎದುರು ಅರ್ಜಿ ಹಾಕಿದರು. ಅಧ್ಯಕ್ಷರನ್ನು ಆರಿಸುವವರು ನಿರ್ದೇಶಕರು, ಹೆಚ್ಚಿನವರು ಶರಣಪ್ಪನ ಕಡೆಯವರು. ಸೋಲುತ್ತಾರೆಂದು ಎಲ್ಲರಿಗೂ ಗೊತ್ತಿತ್ತು, ಅವರಿಗೂ. ಸೋತರು. ಚೀಟಿ ಎಣಿಸಿ ಮುಗಿದ ಮೇಲೆ ಶರಣಪ್ಪನ ಕೈ ಹಿಡಿದು, "ನೋಡಪಾ, ನೀ ಖರೇ ಅಧ್ಯಕ್ಷ. ನಿನ್ನ ಬ್ಯಾಡ ಅನ್ನಾಕ ಒಬ್ಬಾವ ಇದ್ದ, ಆದ್ರೂ ಗೆದ್ದಿ. ನನಗ ಆ ಭಾಗ್ಯ ಇರಲಿಲ್ಲ" ಎಂದರು. ಶರಣಪ್ಪ ಅವರಿಗೆ ಮಿರ್ಚಿ ತರಿಸಿದ. ಇಬ್ಬರೂ ತಿಂದರು.

ಶ್ರದ್ಧಾಂಜಲಿ ಸಭೆಗೆ ನಾನು ಕುಷ್ಟಗಿಯಿಂದ ಹೋದೆ. ಅದೇ ಹಾಲ್, ಅದೇ ಬೇವಿನ ಮರ. ಮೇಜಿನ ಮೇಲೆ ಅವರ ಫೋಟೋ, ಹೂವಿನ ಹಾರ. ಫೋಟೋದಲ್ಲಿ ಕನ್ನಡಕವಿರಲಿಲ್ಲ, ಒರೆಸಲು ತೆಗೆದಾಗ ಹಿಡಿದದ್ದಿರಬೇಕು. ಬೇಡದ ಗೆರೆ ಒತ್ತಿದವರೆಲ್ಲ ಅವರನ್ನು ಹೊಗಳಿದರು. ನಾನು ಹಲ್ಲು ಕಚ್ಚಿ ಕೇಳಿದೆ. ಕೊನೆಗೆ ಶರಣಪ್ಪ ಎದ್ದ. ಈಗ ಅವನಿಗೂ ಕೂದಲು ನರೆತಿದೆ. ದನಿ ಸರಿಪಡಿಸಿಕೊಂಡು, "ನಮ್ಮ ಹಿರಿಯರ ಫೋಟೋ ಇಲ್ಲಿ, ಅಧ್ಯಕ್ಷರ ಖುರ್ಚಿ ಹಿಂದ ಗ್ವಾಡಿಗೆ ಹಾಕೂದು ಅಂತ ಠರಾವು. ಯಾರದರ ತಕರಾರು ಐತೇನ್ರಿ?" ಎಂದ.

ಅಂಥ ಠರಾವಿಗೆ ತಕರಾರು ಯಾರದಿರುತ್ತದೆ? ಕೆಲವರು ಆಗಲೇ ಏಳತೊಡಗಿದ್ದರು.

"ನಂದು ಐತ್ರಿ."

ಹುಲಿಗೆವ್ವ. ಜಮಖಾನದ ಮೇಲಿಂದ ಗೋಡೆ ಹಿಡಿದು ಎದ್ದಳು. ವಯಸ್ಸಾಗಿತ್ತು. ಏಳತೊಡಗಿದವರು ಮತ್ತೆ ಕೂತರು. ಶರಣಪ್ಪನ ಮುಖ ಬಿಳಿಚಿತು. ಅಷ್ಟು ಜನರ ಎದುರು, ಹಾರ ಹಾಕಿದ ಫೋಟೋದ ಎದುರು ಇವಳೇನು ಹೇಳಿಬಿಡುತ್ತಾಳೋ ಎಂದು ನನಗೂ ಹೆದರಿಕೆಯಾಯಿತು.

"ಅವರನ್ನ ಅಲ್ಲಿ ಮುಂದ ಹಾಕಬ್ಯಾಡ್ರಿ" ಎಂದಳು. "ಅವರು ಅಲ್ಲಿಂದ ಎದ್ದು ಬಂದಾರ. ಇಲ್ಲಿ ಹಿಂದ ಹಾಕ್ರಿ, ನಮ್ಮ ಕಡೆ."

ಶರಣಪ್ಪ ಕೈ ಎತ್ತಿಸಿ ಎಣಿಸಲಿಲ್ಲ. ಮೇಜಿನ ಮೇಲಿದ್ದ ಫೋಟೋವನ್ನು ತಾನೇ ಎರಡೂ ಕೈಯಲ್ಲಿ ಎತ್ತಿಕೊಂಡು, ಖುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹಿಂದಕ್ಕೆ ಬಂದ. ಮೊಳೆ ಹೊಡೆಯುವವರೆಗೂ ಹುಲಿಗೆವ್ವ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.